ರಿಮೋಟ್ ಒತ್ತಿದರೂ ಟೀವಿ ಸುಮ್ಮನಿದ್ದರೆ...

‘ಸಾರ್, ರಿಮೋಟ್ ಒತ್ತಿದರೆ ನಮ್ಮನೆ ಟೀವಿ ಸುಮ್ಮನೆ ಕೂತಿರುತ್ತೆ. ಒಳಗಿನ ಬೋರ್ಡೇ ಬದಲಿಸಬೇಕಂತೆ, ಎರಡು ಸಾವಿರ ಆಗುತ್ತಂತೆ’ ಎಂದ ಹತ್ತನೇ ತರಗತಿಯ ಹುಡುಗ. ಅವನ ತಂದೆಯದು ದಿನಗೂಲಿ. ‘ದುಡ್ಡು ಕೊಡುವ ಮೊದಲು ಪರೀಕ್ಷೆ ಮಾಡೋಣ’ ಎಂದೆ.

ಮೊದಲ ಅನುಮಾನ ರಿಮೋಟ್ ಮೇಲೆ. ಅದು ಸೂಸುವ ಅವಕೆಂಪು ಕಿರಣ ನಮ್ಮ ಕಣ್ಣಿಗೆ ಕಾಣದು. ಮೊಬೈಲ್ ಕ್ಯಾಮೆರಾಕ್ಕೆ ಕಾಣುತ್ತದೆ. ರಿಮೋಟಿನ ಮೂತಿಯನ್ನು ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರೆ ನೇರಳೆ ಛಾಯೆಯ ಬೆಳಕು ಮಿನುಗಬೇಕು. ಕೆಲವು ಫೋನ್‌ಗಳ ಹಿಂಬದಿ ಕ್ಯಾಮೆರಾ ಈ ಕಿರಣವನ್ನು ತಡೆಯುವುದರಿಂದ ಮುಂಬದಿಯದನ್ನೂ ನೋಡಿ. ಹುಡುಗನ ರಿಮೋಟ್ ಚೆನ್ನಾಗಿ ಮಿನುಗಿತು.

ಉಳಿದದ್ದು ಟೀವಿಯೊಳಗಿನ ರಿಸೀವರ್. ಕಡಲೆಬೀಜದಷ್ಟು ದೊಡ್ಡ, ಮೂರು ಕಾಲಿನ ಕಪ್ಪು ಬಿಡಿಭಾಗ ಅದು. ಬಿಸಿಲಿನಲ್ಲೂ ಅವಕೆಂಪು ಕಿರಣವಿದೆಯಲ್ಲ, ಅದು ಮೋಸಹೋಗದೇ? ಇಲ್ಲ. ಸೆಕೆಂಡಿಗೆ ಸುಮಾರು 38,000 ಬಾರಿ ಮಿಡಿಯುವ ಬೆಳಕಿಗೆ ಮಾತ್ರ ಸಾಮಾನ್ಯವಾಗಿ ಅದು ಓಗೊಡುತ್ತದೆ.

ಟೀವಿಯೊಳಗೆ ಅಪಾಯಕಾರಿ ವೋಲ್ಟೇಜ್ ಇರುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಸೆಟ್ಟಿನಲ್ಲಿ ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಮಕ್ಕಳು ಬಿಚ್ಚಲೇಬಾರದು. ಹಾಗಾಗಿ ಮೆಕ್ಯಾನಿಕ್ಕನ್ನೇ ಕೇಳಿ ರಿಸೀವರ್ ತೆಗೆಸಿದೆವು.

ಪರೀಕ್ಷೆ ಸುಲಭ. ಮೂರು ಪೆನ್ಸಿಲ್ ಸೆಲ್‌ಗಳ 4.5 ವೋಲ್ಟನ್ನು ರಿಸೀವರಿಗೆ ಕೊಡಿ. ಧನ ತುದಿಯಿಂದ ಒಂದು ಎಲ್‌ಇಡಿ ಮತ್ತು 1,000 ಓಮ್ ರೆಸಿಸ್ಟರನ್ನು ಸಾಲಾಗಿ ಔಟ್‌ಪುಟ್ ಕಾಲಿಗೆ ಜೋಡಿಸಿ. ರಿಮೋಟ್ ಒತ್ತಿದಾಗ ಎಲ್‌ಇಡಿ ಮಿಣುಕಿದರೆ ರಿಸೀವರ್ ಸರಿ. ಎಚ್ಚರ: ಕಾಲುಗಳ ಕ್ರಮ ಎಲ್ಲದರಲ್ಲೂ ಒಂದೇ ಅಲ್ಲ. ಟಿಎಸ್‌ಒಪಿ 1738ರಲ್ಲಿ ನಡುಗಾಲು ಧನ; ವಿಎಸ್ 1838ಬಿಯಲ್ಲಿ ನಡುಗಾಲು ಋಣ. ಅದಲುಬದಲಾದರೆ ಒಳ್ಳೆಯದೂ ಕೆಟ್ಟೀತು.

ನಮ್ಮ ರಿಸೀವರ್ ಮಿಣುಕಲಿಲ್ಲ. ಹೊಸದನ್ನು ಹಾಕಿದೊಡನೆ ಎಲ್‌ಇಡಿ ಕುಣಿಯಿತು!

ಬೆಲೆ? ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೆಲವು ಹತ್ತು ರೂಪಾಯಿಗಳಷ್ಟೆ. ನಾವು ಕೊಟ್ಟದ್ದು ಮೂವತ್ತು ರೂಪಾಯಿ. ಮೆಕ್ಯಾನಿಕ್ ಬೆಸುಗೆ ಹಾಕಿ ಕೂಲಿ ಇನ್ನೂರು ಪಡೆದರು. ಅದು ನ್ಯಾಯವೇ, ಬಂದು ಹೋಗುವ ಹೊತ್ತಿಗೂ ಕೈಚಳಕಕ್ಕೂ ಬೆಲೆಯಿದೆ. ಬೋರ್ಡೇ ಹೋಗಿರುವ ಸಂದರ್ಭಗಳೂ ಉಂಟು. ಆದರೆ ಪರೀಕ್ಷಿಸದೆ ಹಾಗೆನ್ನುವುದು ತಪ್ಪು.

ಪಾಲಕರೇ, ಮಕ್ಕಳು ಸೆಲ್ಲು, ಎಲ್‌ಇಡಿ ಹರಡಿಕೊಂಡು ಕೂತರೆ ಗದರಬೇಡಿ. ವಸ್ತುವಿಗೆ ಬೆಲೆ, ದುಡಿಮೆಗೆ ಕೂಲಿ ಕೊಡೋಣ. ಅರಿವಿಲ್ಲದ್ದಕ್ಕೆ ದಂಡ ಮಾತ್ರ ಬೇಡ.