ಓಟಕ್ಕೊಪ್ಪುವ ಬೂಟು

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲನಿಗೆ ಕಾಲಿಗೆ ಹಿತವಾಗುವ ಬೂಟು ದೊರೆಯಲಿಲ್ಲ. ಬರಿಗಾಲಿನ ಓಟ ರೂಢಿಯಿದ್ದ ಆತ ಹಾಗೆಯೇ ಮ್ಯಾರಥಾನ್ ಓಡಿ ಚಿನ್ನ ಗೆದ್ದನು. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಮತ್ತೆ ಗೆದ್ದನು. ಕಾಲಿಗೊಪ್ಪದ ಬೂಟಿಗಿಂತ ಬರಿಗಾಲೇ ಲೇಸೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಚಿತ್ರದುರ್ಗ ಸೀಮೆಯ ತರುಣರಿಗೂ ಈ ಮಾತು ಸಲ್ಲುತ್ತದೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯನ್ನು ಬಯಸುವ ಯುವಕ 1,600 ಮೀಟರನ್ನು ಆರೂವರೆ ನಿಮಿಷಗಳೊಳಗೆ ಓಡಬೇಕು. ಹೊಸದುರ್ಗದ ಅಥವಾ ಹೊಳಲ್ಕೆರೆಯ ಸಂಸಾರವೊಂದರ ಆಸೆಯೆಲ್ಲ ಆ ಆರೂವರೆ ನಿಮಿಷಗಳಲ್ಲಿ ಅಡಗಿರಬಹುದು.

ಓಟದ ಪರಿಯನ್ನು ಯಂತ್ರದ ಮೇಲೆ ಪರೀಕ್ಷಿಸಿ ಬೂಟು ಕೊಡುವ ವಿಶೇಷ ಅಂಗಡಿಗಳು ಮಹಾನಗರಗಳಲ್ಲುಂಟು. ಆದರೆ ಅದಕ್ಕೆಂದು ಹಿರಿಯೂರಿನಿಂದ ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಊರಿನ ಅಂಗಡಿಗೇ ಸಂಜೆ ಹೋಗಿರಿ. ದಿನವೆಲ್ಲ ನಡೆದ ಪಾದ ಆಗ ತುಸು ಉಬ್ಬಿರುತ್ತದೆ. ಕಾಲುಚೀಲ ಹಾಕಿಕೊಂಡೇ ಎರಡೂ ಬೂಟುಗಳನ್ನು ತೊಟ್ಟು ನೋಡಿರಿ. ಅನೇಕರ ಎರಡು ಪಾದಗಳು ಒಂದೇ ಅಳತೆಯಲ್ಲಿರುವುದಿಲ್ಲ. ದೊಡ್ಡ ಪಾದಕ್ಕೆ ಒಪ್ಪುವುದನ್ನೇ ಆರಿಸಬೇಕು. ಬೆರಳ ತುದಿಯ ಮುಂದೆ ಹೆಬ್ಬೆರಳಿನಗಲ ಜಾಗವಿರಲಿ, ಹಿಮ್ಮಡಿ ಜಾರದಿರಲಿ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಲು ಸಂಕೋಚ ಬೇಡ. ಬೆಲೆ ಹೆಚ್ಚಿದಷ್ಟೂ ಕಾಲಿಗೆ ಹಿತವೆಂಬುದು ಭ್ರಮೆ.

ಪರೀಕ್ಷೆಯ ದಿನವೇ ಹೊಸ ಬೂಟು ತೊಟ್ಟರೆ ಬೊಬ್ಬೆಯೇಳುವ ಭಯವುಂಟು. ಕೆಲವು ವಾರ ಮೊದಲೇ ಕೊಂಡು, ಅಭ್ಯಾಸದ ಓಟದಲ್ಲಿ ಅದನ್ನು ಪಳಗಿಸಿಕೊಳ್ಳುವುದು ಜಾಣತನ.