ಬಚ್ಚಲುಮನೆಯ ಕಾಂಕ್ರೀಟ್ ನೆಲದಲ್ಲಿ ಶೌಚಾಲಯ ಕೂರಿಸುವ ಕ್ರಮ



ದನದ ಡಾಕ್ಟರಿಗೂ ಶೌಚಾಲಯಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ. ಮನುಷ್ಯನ ಕರುಳಿನಲ್ಲಿ ಬೆಳೆಯುವ ಒಂದು ಜಾತಿಯ ಲಾಡಿಹುಳುವಿನ ಮೊಟ್ಟೆಗಳು ಮಲದೊಂದಿಗೆ ಹೊರಬೀಳುತ್ತವೆ. ಹೊಲದ ಬದುವಿನಲ್ಲಿ ಬಯಲುಶೌಚ ಮಾಡಿದರೆ ಇವು ಹುಲ್ಲಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. ಆ ಹುಲ್ಲು ಮೇಯ್ದ ರಾಸಿನ ಮಾಂಸಖಂಡಗಳಲ್ಲಿ ಮರಿಹುಳುಗಳು ಗುಳ್ಳೆಗಟ್ಟುತ್ತವೆ. ಮಲ ಸೇರಿದ ನೀರಿನಲ್ಲಿ ಹಾಲಿನ ಪಾತ್ರೆ ತೊಳೆದರೆ ರೋಗಾಣುಗಳು ನೇರವಾಗಿ ಹಾಲಿಗೇ ಬರುತ್ತವೆ.

ಬಚ್ಚಲುಮನೆಗೆ ಕಾಂಕ್ರೀಟ್ ನೆಲ ಹಾಕಿಸಿಯಾಗಿದೆ, ಇನ್ನು ಶೌಚಾಲಯ ಆಗದು ಎಂದು ಸುಮ್ಮನಿರಬೇಡಿ. ಅದೇ ನೆಲದಲ್ಲಿ ಕೂರಿಸಬಹುದು.

ಮೊದಲು ಗುಂಡಿ: ಎರಡು ಇಂಗುಗುಂಡಿಗಳಿರಲಿ. ನಡುವೆ ಕನಿಷ್ಠ 1 ಮೀಟರ್ ಅಂತರ ಬೇಕು. ಬಾವಿ, ಕೊಳವೆಬಾವಿಯಿಂದ 15 ಮೀಟರ್ ದೂರವಿದ್ದರೆ ಒಳ್ಳೆಯದು. ತಳಕ್ಕೆ ಗಾರೆ ಹಾಕಬಾರದು. ಕೊಟ್ಟಿಗೆ ತೊಳೆದ ನೀರು, ಸ್ನಾನದ ನೀರು, ಗಂಜಲ ಇವನ್ನು ಈ ಗುಂಡಿಗೆ ಬಿಡಕೂಡದು. ಗುಂಡಿ ಬೇಗ ತುಂಬುತ್ತದೆ.

ಬೇಸಿನ್ ಕೂರಿಸುವುದು: ಗ್ರಾಮೀಣ ಮಾದರಿಯ, ಕಡಿದಾದ ಇಳಿಜಾರಿನ ಬೇಸಿನ್ ಆರಿಸಿ. ಇದರ ಟ್ರ್ಯಾಪಿನಲ್ಲಿ 20 ಮಿ.ಮೀ. ನೀರು ನಿಂತು ವಾಸನೆ, ನೊಣ ತಡೆಯುತ್ತದೆ. ಒಂದೂವರೆ–ಎರಡು ಲೀಟರ್ ನೀರು ಸಾಕು.

1. ಬೇಸಿನ್ನಿನ ಅಳತೆಗಿಂತ ಸುತ್ತಲೂ ಸ್ವಲ್ಪ ಹೆಚ್ಚಿಗೆ ಗುರುತು ಹಾಕಿ, ಉಳಿ ಸುತ್ತಿಗೆಯಿಂದ ಕಾಂಕ್ರೀಟ್ ಒಡೆದು ತೆಗೆಯಿರಿ. ಹೊರಗಿನ ಪೈಪಿನವರೆಗೂ ಕಾಲುವೆ ತೋಡಿ.

2. ಗಾರೆ ಹಾಕುವ ಮುನ್ನ ಬೇಸಿನ್, ಟ್ರ್ಯಾಪ್, ಪೈಪ್ ಜೋಡಿಸಿ ನೋಡಿ. ಪೈಪ್ ಗುಂಡಿಯ ಕಡೆಗೆ ಇಳಿಜಾರಾಗಿರಲೇಬೇಕು.

3. ರಸಮಟ್ಟ ಇಟ್ಟು ಬೇಸಿನ್ ಅನ್ನು ಸಮನಾಗಿ ಕೂರಿಸಿ. ಟ್ರ್ಯಾಪ್ ಓರೆಯಾದರೆ ನೀರು ನಿಲ್ಲದೆ ವಾಸನೆ ಒಳಬರುತ್ತದೆ. ಬೇಸಿನ್ನಿನ ಅಂಚು ನೆಲಕ್ಕಿಂತ ಎತ್ತರವಾಗಬಾರದು.

4. ಜೋಡಣೆಗಳನ್ನು ಸಿಮೆಂಟ್ ಗಾರೆಯಿಂದ ಮುಚ್ಚಿ, ಒಂದು ಬಕೆಟ್ ನೀರು ಹೊಯ್ದು ಸೋರಿಕೆ ಪರೀಕ್ಷಿಸಿ. ನಂತರವೇ ಸುತ್ತಲೂ ಇಟ್ಟಿಗೆ ಚೂರಿನ ಕಾಂಕ್ರೀಟ್ ತುಂಬಿಸಿ. ಒಂದು ವಾರ ನೀರುಣಿಸಿ.

ಮೊಣಕಾಲು ನೋವಿನ ಹಿರಿಯರಿಗೆ ಕಮೋಡ್ ಬೇಕಾದರೆ ‘ಪಿ’ ಟ್ರ್ಯಾಪಿನದು ಕೊಳ್ಳಿ. ಅದರ ಪೈಪ್ ಹಿಂದಿನ ಗೋಡೆಯಿಂದ ಹೋಗುವುದರಿಂದ ನೆಲ ಒಡೆಯುವ ಕೆಲಸವಿಲ್ಲ. ನೆಲದಲ್ಲಿ ತೂತು ಕೊರೆದು, ಪ್ಲಗ್ ಹಾಕಿ, ತುಕ್ಕು ಹಿಡಿಯದ ತಿರುಪು ಬಿಗಿಯಿರಿ. ಅತಿಯಾಗಿ ಬಿಗಿದರೆ ಪಿಂಗಾಣಿ ಸೀಳುತ್ತದೆ. ಆದರೆ ಕಮೋಡಿಗೆ ನೀರು ಹೆಚ್ಚು ಬೇಕು ಎಂಬುದು ನೆನಪಿರಲಿ.

ಒಂದು ಸಲಕ್ಕೆ ಒಂದೇ ಗುಂಡಿ ಬಳಸಿ. ತುಂಬಿದ ಗುಂಡಿಯನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿರುವುದು ಗೊಬ್ಬರವಾಗುತ್ತದೆ.

2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಡಿ ಅರ್ಹ ಗ್ರಾಮೀಣ ಕುಟುಂಬಕ್ಕೆ 12,000 ರೂ. ಪ್ರೋತ್ಸಾಹಧನ ನಿಗದಿಪಡಿಸಲಾಗಿತ್ತು. ತಮಗೆ ಈಗ ಏನು ಸೌಲಭ್ಯ ಸಿಗುತ್ತದೆಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳಿ.

ಕೊನೆಯದಾಗಿ, ಶೌಚದ ನಂತರ ಮತ್ತು ಹಾಲು ಕರೆಯುವ ಮುನ್ನ ಸೋಪಿನಿಂದ ಕೈ ತೊಳೆಯಿರಿ. ಕೆಚ್ಚಲು ಎಷ್ಟೇ ಸ್ವಚ್ಛವಾಗಿದ್ದರೂ, ಕರೆಯುವ ಕೈ ಸ್ವಚ್ಛವಿಲ್ಲದಿದ್ದರೆ ಹಾಲು ಶುದ್ಧವಾಗಲಾರದು.