ನಿದ್ರೆಯೂ ಸ್ಮೃತಿಯೂ: ವಯೋಭೇದದ ವಿಚಾರ

ಪತಂಜಲಿಗಳು ಚಿತ್ತವೃತ್ತಿಗಳೈದನ್ನು ಎಣಿಸುವಾಗ ನಿದ್ರೆಯನ್ನು ನಾಲ್ಕನೆಯದಾಗಿಯೂ ಸ್ಮೃತಿಯನ್ನು ಐದನೆಯದಾಗಿಯೂ ಹೇಳಿರುವರು. ಸುಖವಾಗಿ ಮಲಗಿದ್ದೆನೆಂದು ಎದ್ದವನು ಸ್ಮರಿಸುವುದರಿಂದ ನಿದ್ರೆಯೂ ಒಂದು ವೃತ್ತಿಯೇ ಎಂಬುದು ಭಾಷ್ಯಕಾರರ ಯುಕ್ತಿ. ಚರಕಸಂಹಿತೆಯಾದರೋ ನಿದ್ರೆಯನ್ನು ಶರೀರದ ಮೂರು ಉಪಸ್ತಂಭಗಳಲ್ಲಿ ಒಂದೆಂದೆಣಿಸಿ, ಜ್ಞಾನಾಜ್ಞಾನಗಳೆರಡೂ ಅದಕ್ಕೆ ಅಧೀನವೆನ್ನುವುದು. ಈ ಸಂಬಂಧವು ಎಲ್ಲ ವಯಸ್ಸಿನಲ್ಲಿಯೂ ಒಂದೇ ತೆರನೋ ಎಂಬುದು ಪ್ರಕೃತ ವಿಚಾರ.

1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬ್ಯಾಕ್ ಎಂಬ ಪಂಡಿತರು ಇಬ್ಬರು ವಿದ್ಯಾರ್ಥಿಗಳಿಂದ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, 1, 2, 4, 8 ಗಂಟೆಗಳ ತರುವಾಯ ಒಪ್ಪಿಸಹೇಳಿದರು. ಎಚ್ಚರದಲ್ಲಿ ಕಳೆದ ಅವಧಿಗಿಂತ ನಿದ್ರೆಯಲ್ಲಿ ಕಳೆದ ಅವಧಿಯ ಬಳಿಕ ಮರೆವು ಕಡಿಮೆಯಾಗಿತ್ತು. ಹೊಸ ವ್ಯಾಪಾರಗಳು ಅಡ್ಡಬರದಿದ್ದುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ನಿದ್ರಿಸುವ ಮಿದುಳು ಹಗಲಿನ ಅನುಭವವನ್ನು ಪುನಃ ಆವರ್ತಿಸುವುದೆಂದು ಇಲಿಗಳ ಮೇಲೆ ನಡೆದ ಪರೀಕ್ಷೆಯಿಂದ 1994ರಲ್ಲಿ ತಿಳಿದುಬಂದಿತು. ಆದಕಾರಣ ನಿದ್ರೆಯು ಕೇವಲ ವಿರಾಮವಲ್ಲ. ಅದೂ ಒಂದು ಬಗೆಯ ಆವೃತ್ತಿಪಾಠವೇ.

ಇನ್ನು ವಯೋಭೇದ. ನವಜಾತ ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆ, ಶಾಲೆಯ ಬಾಲಕನಿಗೆ 9ರಿಂದ 11, ಪ್ರಾಯಕ್ಕೆ ಬರುವವನಿಗೆ 8ರಿಂದ 10, ವೃದ್ಧನಿಗೆ 7 ಅಥವಾ 8 ಗಂಟೆ ನಿದ್ರೆ ಉಚಿತವೆಂದು ಈಗಿನ ವೈದ್ಯರ ಮತ. ಮಧ್ಯಾಹ್ನ ಮಲಗುವ ರೂಢಿಯುಳ್ಳ ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗಗೊಡದಿದ್ದರೆ ಅವರು ಬೆಳಗ್ಗೆ ಕಲಿತುದನ್ನು ಮರೆಯುವರೆಂದೂ, ರಾತ್ರಿಯ ನಿದ್ರೆಯಿಂದ ಆ ಕೊರತೆ ತುಂಬದೆಂದೂ 2013ರ ಪರೀಕ್ಷೆಯೊಂದು ತೋರಿಸಿತು. ದಿವಾಸ್ವಪ್ನವನ್ನು ಸಾಮಾನ್ಯವಾಗಿ ನಿಷೇಧಿಸಿದ ಚರಕವು ಬಾಲರಿಗೂ ವೃದ್ಧರಿಗೂ ಅಧ್ಯಯನದಿಂದ ಬಳಲಿದವರಿಗೂ ಅದನ್ನು ಅನುಮತಿಸಿರುವುದು ಇಲ್ಲಿ ಸ್ಮರಣೀಯ.

ವಯಸ್ಸು ಮೀರಿದಂತೆ ಗಾಢನಿದ್ರೆಯ ಭಾಗವು ಕ್ಷೀಣಿಸುವುದು. ಅದರೊಡನೆ, ರಾತ್ರಿ ಕಲಿತುದು ಬೆಳಗ್ಗೆ ನಿಲ್ಲುವ ಶಕ್ತಿಯೂ ಕುಂದುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 2006ರಲ್ಲಿಯೂ 2010ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ, ವಿಪಶ್ಯನಾ ಧ್ಯಾನವನ್ನು ಬಹುಕಾಲ ಅಭ್ಯಸಿಸಿದ ನಡುವಯಸ್ಕರಲ್ಲಿ ಗಾಢನಿದ್ರೆಯು ಇತರರಲ್ಲಿರುವಷ್ಟು ಕುಂದಿರಲಿಲ್ಲವೆಂದು ಕಾಣುವುದು. ಧ್ಯಾನವೇ ಇದಕ್ಕೆ ಕಾರಣವೆಂದು ಇಷ್ಟರಿಂದ ಸಿದ್ಧವಾಗದು. ಅಂತಹ ನಿದ್ರೆಯುಳ್ಳವರೇ ಧ್ಯಾನದಲ್ಲಿ ನಿಂತಿರಲೂಬಹುದು.

ಬಾಲ್ಯದಲ್ಲಿ ನಾವು ಸಂಜೆ ಅಮರಕೋಶವನ್ನು ಉರುಹಾಕಿ ಮಲಗಿ, ಬೆಳಗಿನ ಜಾವ ಒಪ್ಪಿಸುತ್ತಿದ್ದೆವು. ತಡವರಿಸಿದವನನ್ನು ಸೋಮಾರಿಯೆಂದು ಗದರುತ್ತಿದ್ದರೇ ಹೊರತು, ಎಷ್ಟು ಹೊತ್ತು ಮಲಗಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಈಗ ಐವತ್ತು ದಾಟಿದ ನಾನೇ ಹೊಸ ಶ್ಲೋಕದಲ್ಲಿ ತಡವರಿಸುವೆನು. ನಮ್ಮ ಹರದನಹಳ್ಳಿಯಂತಹ ಊರುಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ಜಾಗರಣೆಗೆ ಕೂರಿಸುವ ತಂದೆತಾಯಿಗಳು ಇದನ್ನು ಪರ್ಯಾಲೋಚಿಸಬೇಕು: ಓದಿದುದು ನೆಲೆಗೊಳ್ಳುವ ಹೊತ್ತನ್ನೇ ಕಸಿದುಕೊಂಡು ಓದಿಸಿದರೆ ಲಾಭವೇನು? ಹಾಗೆಯೇ ಮರೆವಿಗಾಗಿ ತಮ್ಮನ್ನು ತಾವೇ ಹಳಿದುಕೊಳ್ಳುವ ಹಿರಿಯರೂ, ಅದು ಕೇವಲ ಶ್ರದ್ಧೆಯ ಲೋಪವಲ್ಲವೆಂದು ತಿಳಿದು ಸಮಾಧಾನ ಹೊಂದಬಹುದು.